ಶಿವರಾತ್ರಿ ಯಾವತ್ತು? ತಾರೀಕು ಬಿಡಿ, ನಡುರಾತ್ರಿ ನೋಡಿ

2024ರ ಶಿವರಾತ್ರಿಗೆ ಇನ್ನೂ ಎರಡು ದಿನ ಇತ್ತು. ಅಮ್ಮ ಫೋನ್ ಮಾಡಿದರು. "ಲೋ, ಕ್ಯಾಲೆಂಡರಲ್ಲಿ ಶುಕ್ರವಾರ ತ್ರಯೋದಶಿ ಅಂತಿದೆ. ಚತುರ್ದಶಿ ಇರೋದು ಶನಿವಾರ. ಆದ್ರೆ ಶಿವರಾತ್ರಿ ಅಂತ ಕೆಂಪಕ್ಷರದಲ್ಲಿ ಹಾಕಿರೋದು ಶುಕ್ರವಾರಕ್ಕೆ. ಇದೇನು ಅಚ್ಚಿನ ತಪ್ಪಾ, ನನ್ನ ಕನ್ನಡಕದ ತಪ್ಪಾ?" ಪಕ್ಕದ ಮನೆಯವರು ಉಪವಾಸ ಶನಿವಾರವೇ ಅಂತ ತೀರ್ಮಾನ ಮಾಡಿ, ಅಭಿಷೇಕಕ್ಕೆ ಅಂತ ಆ ದಿನಕ್ಕೆ ಹಾಲು ಜಾಸ್ತಿ ಹೇಳಿಟ್ಟಿದ್ದರಂತೆ.

ಕ್ಯಾಲೆಂಡರ್ ಸರಿಯಾಗಿಯೇ ಇತ್ತು. ಕನ್ನಡಕವೂ ಸರಿಯಾಗಿತ್ತು. ನಾವು ಮರೆಯುವುದು ಒಂದೇ ವಿಷಯ, ಅದು ಹೆಸರಲ್ಲೇ ಇದೆ. ಇದು ರಾತ್ರಿಯ ಹಬ್ಬ. ಯುಗಾದಿ ಬೆಳಿಗ್ಗೆ ಎಣ್ಣೆಸ್ನಾನದಿಂದ ಶುರುವಾಗುತ್ತದೆ, ಗಣೇಶ ಮಧ್ಯಾಹ್ನದೊಳಗೆ ಮಂಟಪದಲ್ಲಿ ಕೂತಿರುತ್ತಾನೆ. ಶಿವರಾತ್ರಿ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ತಾರೀಕು, ಉಪವಾಸ, ಪೂಜೆ, ಉಪವಾಸ ಬಿಡುವ ಪಾರಣೆ, ಎಲ್ಲದರ ಲೆಕ್ಕವೂ ರಾತ್ರಿಯಿಂದಲೇ ಬರುತ್ತದೆ. ಇದೊಂದು ತಲೆಯಲ್ಲಿದ್ದರೆ ಮಿಕ್ಕ ಗೊಂದಲ ಮುಕ್ಕಾಲು ಪಾಲು ತಾನಾಗೇ ಬಿಡಿಸಿಕೊಳ್ಳುತ್ತದೆ.

ಮೊದಲು ತಿಥಿ ಅಂದರೆ ಏನು ಅಂತ ನೋಡೋಣ. ಗಡಿಯಾರದ ಎರಡು ಮುಳ್ಳು ನೆನಪಿಸಿಕೊಳ್ಳಿ. ಚಂದ್ರ ಓಡುವ ದೊಡ್ಡ ಮುಳ್ಳು, ಸೂರ್ಯ ತೆವಳುವ ಚಿಕ್ಕ ಮುಳ್ಳು. ಅಮಾವಾಸ್ಯೆ ಮುಗಿಯುವ ಹೊತ್ತಿಗೆ ಎರಡೂ ಒಂದರ ಮೇಲೊಂದು ಇರುತ್ತವೆ. ಅಲ್ಲಿಂದ ಚಂದ್ರ ಮುಂದೆ ಓಡುತ್ತಾನೆ, ಇಬ್ಬರ ನಡುವೆ 12 ಡಿಗ್ರಿ ಅಂತರ ಬೆಳೆದರೆ ಒಂದು ತಿಥಿ ಮುಗಿಯಿತು. 30 ತಿಥಿ ಆದರೆ ಒಂದು ಸುತ್ತು, ಮತ್ತೆ ಅಮಾವಾಸ್ಯೆ. ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ಜೋರು, ದೂರ ಹೋದಾಗ ನಿಧಾನ. ಹಾಗಾಗಿ ಒಂದು ತಿಥಿ 19 ಗಂಟೆಯಲ್ಲೇ ಮುಗಿಯಬಹುದು, ಇನ್ನೊಂದು 26 ಗಂಟೆಯ ತನಕ ಎಳೆಯಬಹುದು. ಅದು ಬೆಳಿಗ್ಗೆ ಆರಕ್ಕೋ ರಾತ್ರಿ ಹನ್ನೆರಡಕ್ಕೋ ಶುರುವಾಗಬೇಕು ಅಂತೇನಿಲ್ಲ. ಮಧ್ಯಾಹ್ನ ಮೂರೂ ಹತ್ತಕ್ಕೂ ಶುರುವಾಗಬಹುದು.

ಈಗ ತೊಂದರೆ ಶುರು. ತಿಥಿ ಎರಡು ದಿನದ ಮೇಲೆ ಕಾಲು ಚಾಚಿಕೊಂಡು ಕೂತಿರುತ್ತದೆ, ಹಬ್ಬ ಮಾತ್ರ ಒಂದೇ ದಿನ ಆಗಬೇಕು. ಕ್ಯಾಲೆಂಡರಿನ ಚೌಕದಲ್ಲಿ ಸಾಮಾನ್ಯವಾಗಿ ಹಾಕುವುದು ಆ ದಿನ ಸೂರ್ಯ ಹುಟ್ಟುವಾಗ ಇರುವ ತಿಥಿ. ಎಷ್ಟೋ ಹಬ್ಬಗಳಿಗೆ ಅದೇ ಸಾಕು. ಆದರೆ ಕೆಲವು ಹಬ್ಬಗಳಿಗೆ ಅವುಗಳದ್ದೇ ಹೊತ್ತಿದೆ. ಗಣೇಶ ಚೌತಿ ಮತ್ತು ರಾಮನವಮಿಗೆ ನಡುಮಧ್ಯಾಹ್ನ ಆ ತಿಥಿ ಇರಬೇಕು. ದೀಪಾವಳಿಯ ಲಕ್ಷ್ಮೀಪೂಜೆಗೆ ಮುಸ್ಸಂಜೆ. ಶಿವರಾತ್ರಿಗೆ ನಡುರಾತ್ರಿ. ಅಂದರೆ ಮಾಘ ಬಹುಳ ಚತುರ್ದಶಿ (ಹುಣ್ಣಿಮೆಯಾದ ಮೇಲಿನ ಹದಿನಾಲ್ಕನೇ ತಿಥಿ) ಯಾವ ನಡುರಾತ್ರಿಯನ್ನು ಮುಟ್ಟುತ್ತದೋ ಆ ರಾತ್ರಿಯೇ ಶಿವರಾತ್ರಿ. ಬೆಳಿಗ್ಗೆ ತ್ರಯೋದಶಿ ಇತ್ತೋ ಮತ್ತೊಂದಿತ್ತೋ ಅದು ಲೆಕ್ಕಕ್ಕಿಲ್ಲ.

2024ರ ಲೆಕ್ಕ ಈಗ ಕೂಡಿಸಿ ನೋಡಿ. ಮಾರ್ಚ್ 8, ಶುಕ್ರವಾರ ರಾತ್ರಿ ಹೆಚ್ಚುಕಮ್ಮಿ ಹತ್ತಕ್ಕೆ ಚತುರ್ದಶಿ ಶುರುವಾಯಿತು. ಮುಗಿದಿದ್ದು ಶನಿವಾರ ಸಂಜೆ ಆರು ದಾಟಿದ ಮೇಲೆ. ಶನಿವಾರ ಹಗಲಿಡೀ ಚತುರ್ದಶಿ ಇತ್ತು ನಿಜ, ಆದರೆ ಶನಿವಾರದ ನಡುರಾತ್ರಿಗೆ ಅಮಾವಾಸ್ಯೆ ಬಂದು ಕೂತಿತ್ತು. ಚತುರ್ದಶಿಗೆ ಸಿಕ್ಕ ನಡುರಾತ್ರಿ ಒಂದೇ, ಶುಕ್ರವಾರದ್ದು. 2025ರಲ್ಲೂ ಇದೇ ಕತೆ. ಫೆಬ್ರವರಿ 26ರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶುರು, 27ರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮುಗಿಯಿತು. ಹಬ್ಬ 26ಕ್ಕೆ. 2026ರಲ್ಲಿ ಫೆಬ್ರವರಿ 15ರ ಸಂಜೆ ಐದರಿಂದ ಮರುದಿನ ಸಂಜೆ ಐದೂವರೆ ತನಕ. ಹಬ್ಬ 15ಕ್ಕೆ. ಮೂರು ವರ್ಷವೂ ಹಬ್ಬದ ದಿನದ ಚೌಕದಲ್ಲಿ ತ್ರಯೋದಶಿ ಅಂತಲೇ ಇರುತ್ತದೆ. ಗಾಬರಿ ಬೀಳಬೇಡಿ.

ಸುಮ್ನೆ ಒಂದು ಮಾತು. ಉತ್ತರ ಭಾರತದವರು ಇದನ್ನು ಫಾಲ್ಗುಣ ಮಾಸದ ಶಿವರಾತ್ರಿ ಅನ್ನುತ್ತಾರೆ, ನಾವು ಮಾಘ ಅನ್ನುತ್ತೇವೆ. ರಾತ್ರಿ ಒಂದೇ. ನಮಗೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಅವರಿಗೆ ಹುಣ್ಣಿಮೆಗೆ. ಅಷ್ಟೇ ವ್ಯತ್ಯಾಸ. ಪ್ರತಿ ತಿಂಗಳೂ ಬಹುಳ ಚತುರ್ದಶಿಗೆ ಒಂದು ಮಾಸ ಶಿವರಾತ್ರಿ ಇದ್ದೇ ಇರುತ್ತದೆ. ಮಾಘದ್ದು ಮಾತ್ರ ಮಹಾಶಿವರಾತ್ರಿ.

ನಡುರಾತ್ರಿ ಅಂದರೆ ಹನ್ನೆರಡು ಗಂಟೆ ಅಲ್ವಾ ಅಂತ ಕೇಳಬಹುದು. ಅಲ್ಲ. ಸೂರ್ಯ ಮುಳುಗಿದಾಗಿನಿಂದ ಮತ್ತೆ ಹುಟ್ಟುವ ತನಕದ ಹೊತ್ತಿನ ಸರೀ ಮಧ್ಯ ಅದು. ಫೆಬ್ರವರಿ ಮಧ್ಯದಲ್ಲಿ ಬೆಂಗಳೂರಲ್ಲಿ ಸೂರ್ಯ ಮುಳುಗುವುದು ಸಂಜೆ 6:24ರ ಆಸುಪಾಸು, ಹುಟ್ಟುವುದು ಬೆಳಿಗ್ಗೆ 6:40ರ ಸುಮಾರಿಗೆ. ಮಧ್ಯ ಬರುವುದು 12:32ಕ್ಕೆ. ನಮ್ಮ ಗಡಿಯಾರ ಓಡುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಹಾಗಾಗಿ ಇಲ್ಲಿಯ ಸೂರ್ಯ ಗಡಿಯಾರಕ್ಕಿಂತ ತಡ. ರಾತ್ರಿಯನ್ನು 15 ಭಾಗ ಮಾಡಿದರೆ ಎಂಟನೆಯ ಭಾಗಕ್ಕೆ ನಿಶೀಥ ಅಂತ ಹೆಸರು. ಸುಮಾರು 49 ನಿಮಿಷ, 12:08ರಿಂದ 12:57ರ ತನಕ. ಪಂಚಾಂಗದಲ್ಲಿ 'ನಿಶೀಥ ಪೂಜೆ' ಅಂತ ವಿಚಿತ್ರವಾದ ಸಮಯ ಬರೆದಿರುವುದು ಇದಕ್ಕೇ. ಅದೇ ರಾತ್ರಿಯನ್ನು ನಾಲ್ಕು ಪಾಲು ಮಾಡಿದರೆ ನಾಲ್ಕು ಯಾಮ, ಒಂದೊಂದಕ್ಕೂ ಮೂರು ಗಂಟೆ ನಾಲ್ಕು ನಿಮಿಷ. ಸಂಜೆ 6:24, ರಾತ್ರಿ 9:28, 12:32, ಬೆಳಗಿನ ಜಾವ 3:36. ನಿಮ್ಮೂರಿನ ಸೂರ್ಯಾಸ್ತ, ಸೂರ್ಯೋದಯ ಗೊತ್ತಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ, ನೀವೇ ಲೆಕ್ಕ ಹಾಕಬಹುದು.

ಹೊರದೇಶದಲ್ಲಿರುವವರಿಗೆ ಈ ಲೆಕ್ಕ ಇನ್ನೂ ಮುಖ್ಯ. ನನ್ನ ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. 2025ರಲ್ಲಿ "ಅಣ್ಣ, ನಾನು 26ಕ್ಕೆ ಮಾಡ್ಲಾ?" ಅಂತ ಕೇಳಿದಳು. ತಿಥಿ ಶುರುವಾಗುವ ಕ್ಷಣ ಜಗತ್ತಿಗೆಲ್ಲ ಒಂದೇ. ನಮಗೆ 26ರ ಬೆಳಿಗ್ಗೆ ಹನ್ನೊಂದು ಅಂದರೆ ಅವಳಿಗೆ 25ರ ರಾತ್ರಿ ಒಂಬತ್ತೂವರೆ. ನಮಗೆ 27ರ ಬೆಳಿಗ್ಗೆ ಒಂಬತ್ತು ಅಂದರೆ ಅವಳಿಗೆ 26ರ ಸಂಜೆ ಏಳೂವರೆ. ಹಾಗಾದರೆ ಚತುರ್ದಶಿ ಹಿಡಿದ ನಡುರಾತ್ರಿ ಅವಳಿಗೆ 25ರದ್ದು! ಅವಳು ಒಂದಷ್ಟು ಹೊತ್ತು ಸುಮ್ಮನಿದ್ದು, "ಇಲ್ಲಿ ಎಲ್ಲರ ಜೊತೆ 26ಕ್ಕೇ ಮಾಡ್ತೀನಿ ಬಿಡು, ಶಿವ ಏನೂ ಅಂದ್ಕೊಳ್ಳಲ್ಲ" ಅಂದಳು. ಅದೂ ಸರಿಯೇ. ಆದರೆ ಲೆಕ್ಕ ಕೇಳಿದರೆ ಲೆಕ್ಕ ಹೇಳಲೇಬೇಕಲ್ಲ.

ನಡುರಾತ್ರಿಯೇ ಯಾಕೆ? ಹೆಚ್ಚಿನ ಜನ ಹೇಳುವುದು ಲಿಂಗೋದ್ಭವದ ಕತೆ. ಬ್ರಹ್ಮ, ವಿಷ್ಣು ಇಬ್ಬರಲ್ಲಿ ಯಾರು ದೊಡ್ಡವರು ಅಂತ ಜಗಳ ಬಿದ್ದಾಗ ನಡುವೆ ಬೆಂಕಿಯ ಕಂಬವೊಂದು ಎದ್ದು ನಿಂತಿತು. ತುದಿ ಇಲ್ಲ, ಬುಡ ಇಲ್ಲ. ವಿಷ್ಣು ಹಂದಿಯಾಗಿ ಕೆಳಗೆ ಹೋದ, ಬ್ರಹ್ಮ ಹಂಸವಾಗಿ ಮೇಲೆ ಹಾರಿದ. ಬುಡ ಸಿಗಲಿಲ್ಲ ಅಂತ ವಿಷ್ಣು ಒಪ್ಪಿಕೊಂಡ. ಬ್ರಹ್ಮ ಮಾತ್ರ ದಾರಿಯಲ್ಲಿ ಸಿಕ್ಕ ಕೇದಿಗೆ ಹೂವನ್ನು ಸಾಕ್ಷಿ ಮಾಡಿಕೊಂಡು ತುದಿ ನೋಡಿದೆ ಅಂತ ಸುಳ್ಳು ಹೇಳಿದ. ಅದಕ್ಕೇ ಕೇದಿಗೆಗೆ ಶಿವಪೂಜೆಯಲ್ಲಿ ಜಾಗ ಇಲ್ಲ. ಆ ಕಂಬ ಎದ್ದದ್ದು ಈ ನಡುರಾತ್ರಿ ಅಂತ ನಂಬಿಕೆ. ಶಿವಪಾರ್ವತಿಯರ ಮದುವೆಯ ರಾತ್ರಿ ಅನ್ನುವವರೂ ಇದ್ದಾರೆ, ವಿಷ ಕುಡಿದ ರಾತ್ರಿ ಅನ್ನುವವರೂ ಇದ್ದಾರೆ. ಯಾವ ಕತೆ ಹಿಡಿದರೂ ರಾತ್ರಿ ಮಾತ್ರ ಬದಲಾಗುವುದಿಲ್ಲ.

ನನಗೆ ಇಷ್ಟವಾಗುವುದು ಬೇಡನ ಕತೆ. ಕಣ್ಣು ಕಿತ್ತುಕೊಟ್ಟ ಕಣ್ಣಪ್ಪ ಅಲ್ಲ, ಆತ ಕಾಳಹಸ್ತಿಯವನು, ಈತ ಬೇರೆ. ಇಬ್ಬರನ್ನೂ ಕಲಸಿ ಹೇಳುವವರು ಜಾಸ್ತಿ. ಈ ಬೇಡನಿಗೆ ಹಗಲಿಡೀ ಬೇಟೆ ಸಿಗಲಿಲ್ಲ, ಊಟ ಇಲ್ಲ. ಕತ್ತಲಾದಾಗ ನೀರಿನ ಹತ್ತಿರದ ಒಂದು ಮರ ಹತ್ತಿ ಕಾದು ಕೂತ. ಅದು ಬಿಲ್ವದ ಮರ. ಕೆಳಗೆ ಎಲೆ ಮುಚ್ಚಿದ ಒಂದು ಲಿಂಗ. ಮೊದಲ ಯಾಮದಲ್ಲಿ ಒಂದು ಹೆಣ್ಣು ಜಿಂಕೆ ಬಂತು. ಬಾಣ ಹೂಡುವಾಗ ಸೋರೆಬುರುಡೆಯ ನೀರು ತುಳುಕಿತು, ಎಲೆ ಉದುರಿತು. "ಮರಿಗಳನ್ನು ಒಪ್ಪಿಸಿ ಬರುತ್ತೇನೆ, ಬಿಡು" ಅಂತ ಜಿಂಕೆ ಕೇಳಿಕೊಂಡಿತು. ಬಿಟ್ಟ. ಮುಂದಿನ ಯಾಮಕ್ಕೆ ಇನ್ನೊಂದು, ಆಮೇಲೆ ಗಂಡು ಜಿಂಕೆ. ಪ್ರತಿ ಸಲವೂ ನೀರು ತುಳುಕಿತು, ಎಲೆ ಉದುರಿತು. ಕೊನೆಗೆ ಜಿಂಕೆಗಳೆಲ್ಲ ಮಾತಿಗೆ ತಪ್ಪದೆ ಒಟ್ಟಿಗೆ ಬಂದು ನಿಂತಾಗ ಬೇಡನ ಕೈ ಬಾಣದಿಂದ ಕೆಳಗಿಳಿಯಿತು.

ಕತೆಯನ್ನು ಸ್ವಲ್ಪ ಬಿಡಿಸಿ ನೋಡಿ. ಊಟ ಇಲ್ಲದ್ದು ಉಪವಾಸ. ನಿದ್ದೆ ಇಲ್ಲದ್ದು ಜಾಗರಣೆ. ತುಳುಕಿದ ನೀರು ಅಭಿಷೇಕ. ಉದುರಿದ ಎಲೆ ಬಿಲ್ವಾರ್ಚನೆ. ಶಿವರಾತ್ರಿಯ ವಿಧಿಯೆಲ್ಲ ಇಷ್ಟೇ. ಮಂತ್ರ ಗೊತ್ತಿಲ್ಲದ, ಪೂಜೆ ಮಾಡುತ್ತಿದ್ದೇನೆ ಅಂತಲೂ ಗೊತ್ತಿಲ್ಲದ ಒಬ್ಬನ ಕೈಯಿಂದ ಇದೆಲ್ಲ ಮಾಡಿಸಿದೆ ಕತೆ. 'ನಮಗೆ ರುದ್ರ ಬರಲ್ಲ, ಪುರೋಹಿತರು ಸಿಗಲಿಲ್ಲ' ಅಂತ ಕೊರಗುವವರು ಇದನ್ನೊಮ್ಮೆ ನೆನಪಿಸಿಕೊಂಡರೆ ಸಾಕು.

ಈಗ ಹೊಟ್ಟೆಯ ವಿಷಯ. ಜಾಸ್ತಿ ಪ್ರಶ್ನೆ ಬರುವುದು ಇಲ್ಲೇ.

ಉಪವಾಸದಲ್ಲಿ ಮೆಟ್ಟಿಲುಗಳಿವೆ. ನೀರೂ ಕುಡಿಯದೆ ಇರುವುದು, ನೀರು ಹಾಲು ಮಾತ್ರ, ಹಣ್ಣು ಮತ್ತು ಫಳಾರ, ಕೊನೆಗೆ ಒಪ್ಪತ್ತು. ಯಾವುದು ಸರಿ ಅಂತ ಕೇಳಿದರೆ ನಿಮ್ಮ ಮನೆಯಲ್ಲಿ ನಡೆದು ಬಂದದ್ದು ಮತ್ತು ನಿಮ್ಮ ದೇಹ ತಡೆಯುವುದು. ಆದರೆ ಒಂದು ಅಭ್ಯಾಸ ಮಾತ್ರ ನನಗೆ ಅರ್ಥವಾಗುವುದಿಲ್ಲ. ಹಗಲಿಡೀ ಹಸಿದುಕೊಂಡು, ಸಂಜೆ ಏಳಕ್ಕೆ ದೇವಸ್ಥಾನಕ್ಕೆ ಹೋಗಿ ಬಂದು, ಎಂಟಕ್ಕೆ ಒಂದು ತಟ್ಟೆ ತುಂಬ ಉಪ್ಪಿಟ್ಟು ತಿಂದು, ಹತ್ತಕ್ಕೆ ಮಲಗಿಬಿಡುವುದು. ವ್ರತ ಶುರುವಾಗುವ ಹೊತ್ತಿಗೆ ವ್ರತ ಮುಗಿಸಿದ ಹಾಗಾಯಿತು. ಅದರ ಬದಲು ಹಗಲಲ್ಲಿ ಹಣ್ಣು, ಅವಲಕ್ಕಿ ತಿಂದು, ರಾತ್ರಿ ಹೊಟ್ಟೆ ಹಗುರ ಇಟ್ಟುಕೊಂಡರೆ ಎಚ್ಚರ ಇರುವುದಕ್ಕೂ ಸುಲಭ. ತುಂಬಿದ ಹೊಟ್ಟೆಗೆ ನಿದ್ದೆ ಬರುತ್ತದೆ. ಜಾಗರಣೆಯ ಜೊತೆ ಉಪವಾಸ ಅಂಟಿಕೊಂಡಿರುವುದು ಸುಮ್ಮಸುಮ್ಮನೆ ಅಲ್ಲ.

ಅನ್ನ ಬೇಡ, ಅವಲಕ್ಕಿ ಆಗಬಹುದು, ಇದು ಹೇಗೆ? ಎರಡೂ ಅಕ್ಕಿಯೇ ಅಲ್ವಾ? ಇದಕ್ಕೆ ಉತ್ತರ 'ಮುಸುರೆ' ಅನ್ನುವ ಮಾತಿನಲ್ಲಿದೆ. ನೀರಲ್ಲಿ ಬೇಯಿಸಿದ ಅನ್ನ, ಅದು ತಾಗಿದ ಪಾತ್ರೆ, ಕೈ, ಎಲ್ಲ ಮುಸುರೆ. ಹುರಿದದ್ದು, ನೆನೆಸಿದ್ದು, ಪಾಕದಲ್ಲಿ ಕಟ್ಟಿದ್ದು ಮುಸುರೆ ಅಲ್ಲ. ಹಾಗಾಗಿ ನೆನೆಸಿದ ಅವಲಕ್ಕಿಗೆ ಬೆಲ್ಲ, ತೆಂಗಿನಕಾಯಿ ಹಾಕಿದರೆ ನಡೆಯುತ್ತದೆ, ನೆನೆಸಿದ ಹೆಸರುಬೇಳೆಯ ಕೋಸಂಬರಿ ನಡೆಯುತ್ತದೆ, ಹುರಿದ ಹಿಟ್ಟಿನ ತಂಬಿಟ್ಟು ನಡೆಯುತ್ತದೆ. ರವೆ ಉಪ್ಪಿಟ್ಟು ಹೇಗೆ ಈ ಪಟ್ಟಿಗೆ ನುಸುಳಿತು ಅಂತ ಕೇಳಬೇಡಿ. 'ಅನ್ನ ಅಲ್ಲವಲ್ಲ' ಅನ್ನುವ ಒಂದೇ ಅರ್ಹತೆಯ ಮೇಲೆ ಅದು ಹಳೇ ಮೈಸೂರಿನ ಎಲ್ಲಾ ಉಪವಾಸಗಳಿಗೂ ಹಾಜರ್.

ಶಿವರಾತ್ರಿ ಅಂದರೆ ನಮ್ಮ ಕಡೆ ತಂಬಿಟ್ಟು. ಅಮ್ಮ ಮಾಡುವುದು ಹೀಗೆ. ಹುರಿಗಡಲೆಯನ್ನು ಬಾಣಲೆಯಲ್ಲಿ ಒಮ್ಮೆ ಬೆಚ್ಚಗೆ ಮಾಡಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯುತ್ತಾರೆ. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಊದಿ ಎರಡು ಹೋಳು ಮಾಡುತ್ತಾರೆ, ಎಳ್ಳು ಚಟಪಟ ಅನ್ನುವ ತನಕ ಹುರಿಯುತ್ತಾರೆ, ಕೊಬ್ಬರಿ ತುರಿಯುತ್ತಾರೆ, ಏಲಕ್ಕಿ ಕುಟ್ಟುತ್ತಾರೆ. ಆಮೇಲೆ ಬೆಲ್ಲದ ಪಾಕ. ಇಲ್ಲಿ ಯಾರೂ ಮಾತಾಡಿಸಬಾರದು. ಒಂದೆಳೆ ಬಂದ ತಕ್ಷಣ ಇಳಿಸಿ, ಎಲ್ಲ ಸುರಿದು, ತುಪ್ಪ ಹಾಕಿ ಕಲಸಿ, ಕೈ ಸುಡುವ ಬಿಸಿಯಲ್ಲೇ ಉಂಡೆ ಕಟ್ಟಬೇಕು. ಪಾಕ ಏರಿದರೆ ಉಂಡೆ ಕಲ್ಲಾಗುತ್ತದೆ, ಇಳಿದರೆ ಪುಡಿಪುಡಿಯಾಗಿ ಬೀಳುತ್ತದೆ. ಒಂದು ವರ್ಷ ಪಾಕ ಎಳೆ ಬರುತ್ತಿರುವ ಸರೀ ಹೊತ್ತಿಗೆ ದೂರದ ಚಿಕ್ಕಪ್ಪ ವಿಡಿಯೋ ಕರೆ ಮಾಡಿ, ಶಿವಪೂಜೇಲಿ ಕರಡಿ ಬಿಟ್ಟ ಹಾಗಾಗಿ, ಆ ಸಲದ ತಂಬಿಟ್ಟನ್ನು ಕುಟ್ಟಾಣಿಯಲ್ಲಿ ಒಡೆದು ತಿಂದೆವು.

ಬೆಳಗಾವಿ, ಧಾರವಾಡದ ಕಡೆ ಹೋದರೆ ಪಟ್ಟಿಯೇ ಬೇರೆ. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ರಾಜಗಿರಿ ಉಂಡಿ, ಆಲೂಗಡ್ಡೆ ಪಲ್ಯ, ಉಪ್ಪಿನ ಬದಲು ಸೈಂಧವ ಲವಣ. ಇಲ್ಲೊಂದು ತಮಾಷೆ ಇದೆ. ಸಾಬೂದಾಣಿ, ಅಂದರೆ ನಮ್ಮ ಸಬ್ಬಕ್ಕಿ, ನಮ್ಮಲ್ಲಿ ತಯಾರಾಗುವುದು ಮರಗೆಣಸಿನಿಂದ, ಬಹುಪಾಲು ತಮಿಳುನಾಡಿನ ಸೇಲಂ ಸುತ್ತ. ಮರಗೆಣಸು, ಆಲೂಗಡ್ಡೆ, ಶೇಂಗಾ, ಒಗ್ಗರಣೆಗೆ ಹಾಕುವ ಮೆಣಸಿನಕಾಯಿ, ನಾಲ್ಕೂ ಅಮೆರಿಕ ಖಂಡಗಳ ಕಡೆಯವು. ಯುರೋಪಿನವರ ಹಡಗು ಬಂದ ಮೇಲೆ ಇಲ್ಲಿಗೆ ಬಂದವು. ಯಾವ ಧಾನ್ಯ ಬಿಡಬೇಕು ಅಂತ ಹಳಬರು ಪಟ್ಟಿ ಬರೆಯುವಾಗ ಇವು ಊರಲ್ಲೇ ಇರಲಿಲ್ಲ. ಹಾಗಾಗಿ ತಪ್ಪಿಸಿಕೊಂಡವು. ಎಷ್ಟೋ ಕಾಲದಿಂದ ನಮ್ಮ ಹೊಲದಲ್ಲಿ ಬೆಳೆಯುವ ರಾಗಿ ಹೊರಗೆ ನಿಂತಿದೆ, ಪರದೇಶದ ಗೆಣಸು ಎಲೆಯ ಮೇಲೆ ಕೂತಿದೆ.

ಎಲ್ಲ ಕಡೆಯೂ ಉಪವಾಸವೇ ಅಂದುಕೊಳ್ಳಬೇಡಿ. ಕಾಶ್ಮೀರಿ ಪಂಡಿತರ ಶಿವರಾತ್ರಿಗೆ ಹೇರಥ್ ಅಂತ ಹೆಸರು. ಅವರು ತ್ರಯೋದಶಿಗೇ ಮಾಡುತ್ತಾರೆ, ಕೊಡದಲ್ಲಿ ಅಕ್ರೋಟು ನೆನೆಸಿಟ್ಟು ಪೂಜಿಸುತ್ತಾರೆ, ಎಷ್ಟೋ ಮನೆಗಳಲ್ಲಿ ಮೀನು, ಮಾಂಸದ ಅಡುಗೆಯೇ ನೈವೇದ್ಯ. ಶಿವ ಅದನ್ನೂ ತಿನ್ನುತ್ತಾನೆ.

ಸಕ್ಕರೆ ಕಾಯಿಲೆ, ಬಿಪಿ ಇರುವವರು ಹಬ್ಬದ ದಿನ ಮಾತ್ರೆ ಬಿಡುವುದನ್ನು ನಾನು ಬಹಳ ನೋಡಿದ್ದೇನೆ. ದಯವಿಟ್ಟು ಬೇಡ. ಸಕ್ಕರೆ ಇಳಿಸುವ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬೀಳಬಹುದು. ಉಪವಾಸಕ್ಕೆ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ. ಶಾಸ್ತ್ರದ ಮಾತೇ ಬೇಕು ಅನ್ನುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ಹೇಳಿ: ವ್ರತ ಕೆಡಿಸದ ವಸ್ತುಗಳು ಎಂಟು ಅಂತ ಹಳೆಯ ಶ್ಲೋಕವೊಂದಿದೆ. ನೀರು, ಗೆಡ್ಡೆ, ಹಣ್ಣು, ಹಾಲು ಅದರಲ್ಲಿವೆ. ಗುರುವಿನ ಮಾತಿದೆ. ಔಷಧಿಯೂ ಇದೆ. ನಮ್ಮಮ್ಮ ವರ್ಷಗಟ್ಟಲೆ ನನ್ನ ಮಾತು ಕೇಳಿರಲಿಲ್ಲ, ಶ್ಲೋಕ ಕೇಳಿದ ದಿನವೇ ಮಾತ್ರೆ ನುಂಗಿದರು. ಮಕ್ಕಳು, ಬಸುರಿಯರು, ಬಾಣಂತಿಯರು, ತೀರಾ ವಯಸ್ಸಾದವರಿಗೆ ಮೊದಲಿನಿಂದಲೂ ರಿಯಾಯಿತಿ ಇದೆ.

ಪೂಜೆಗೆ ಬರೋಣ. ನಾಲ್ಕು ಯಾಮಕ್ಕೆ ನಾಲ್ಕು ಅಭಿಷೇಕ. ಸಾಮಾನ್ಯವಾಗಿ ಹೇಳುವ ಕ್ರಮ ಹಾಲು, ಮೊಸರು, ತುಪ್ಪ, ಜೇನು. ನಡುನಡುವೆ ನೀರು. ದೇವಸ್ಥಾನಗಳಲ್ಲಿ ಜೊತೆಗೆ ರುದ್ರ ಹೇಳುತ್ತಾರೆ. ಇದು ಕೃಷ್ಣ ಯಜುರ್ವೇದದ ಭಾಗ. 'ನಮೋ ನಮೋ' ಅಂತ ಮತ್ತೆ ಮತ್ತೆ ಬರುವ ನಮಕದಲ್ಲಿ 11 ಅನುವಾಕ, ಅಂದರೆ 11 ಭಾಗ, 'ಚ ಮೇ, ಚ ಮೇ' ಅಂತ ಬರುವ ಚಮಕದಲ್ಲೂ 11. ನಮಕ ಒಂದು ಸಲ ಪೂರ್ತಿ ಹೇಳಿ ಚಮಕದ ಒಂದು ಅನುವಾಕ, ಮತ್ತೆ ನಮಕ, ಚಮಕದ ಎರಡನೆಯದು, ಹೀಗೆ 11 ಸುತ್ತು ಮುಗಿದರೆ ಏಕಾದಶ ರುದ್ರ. ಅದಕ್ಕೇ ಅಷ್ಟು ಹೊತ್ತು ಹಿಡಿಯುವುದು. ನಾವೆಲ್ಲ ಹೇಳುವ 'ನಮಃ ಶಿವಾಯ' ಇರುವುದೂ ಇದೇ ನಮಕದ ಎಂಟನೆಯ ಅನುವಾಕದಲ್ಲಿ.

ಬಿಲ್ವದ್ದು ಒಂದು ಸೂಕ್ಷ್ಮ ಇದೆ. ಚತುರ್ದಶಿ, ಅಮಾವಾಸ್ಯೆ, ಅಷ್ಟಮಿ, ಸೋಮವಾರ, ಇಂಥ ದಿನಗಳಲ್ಲಿ ಬಿಲ್ವ ಕೀಳಬಾರದು ಅಂತ ಸಂಪ್ರದಾಯ. ಅಂದರೆ ಶಿವನಿಗೆ ಅತಿ ಹೆಚ್ಚು ಬೇಕಾದ ದಿನವೇ ಮರ ಮುಟ್ಟುವ ಹಾಗಿಲ್ಲ. ಹಿಂದಿನ ದಿನವೇ ಕಿತ್ತಿಟ್ಟುಕೊಳ್ಳಬೇಕು. ಬಿಲ್ವ ಹಳಸುವುದಿಲ್ಲ ಅನ್ನುತ್ತಾರೆ, ಒಮ್ಮೆ ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು. ಹಬ್ಬದ ದಿನ ಮಾರುಕಟ್ಟೆಯಲ್ಲಿ ಚಿಗುರು ಸಮೇತ ರೆಂಬೆ ಮುರಿದು ಮಾರುವುದು ನೋಡಿದಾಗ ಈ ನಿಯಮ ಮಾಡಿದವರು ಮರದ ಪರವಾಗಿದ್ದರು ಅನ್ನಿಸುತ್ತದೆ. ಮೂರು ಎಲೆಯ ದಳ ಪೂರ್ತಿ ಇರಲಿ. ನುಣುಪಾದ ಮೇಲ್ಭಾಗ ಲಿಂಗಕ್ಕೆ ತಾಗುವ ಹಾಗೆ ಬೋರಲು ಇಡಬೇಕು. ಬಿಲ್ವ ಸಿಗಲಿಲ್ಲವೇ? ಬೇಲಿಯ ಪಕ್ಕದ ತುಂಬೆ ಹೂವು ತನ್ನಿ. ಕಾಸು ಕೊಡಬೇಕಾಗಿಲ್ಲ, ಶಿವನಿಗೆ ಬಲು ಇಷ್ಟ.

ದೇವಸ್ಥಾನದಲ್ಲಿ ಹೊಸಬರು ಎಡವುವುದು ಪ್ರದಕ್ಷಿಣೆಯಲ್ಲಿ. ಲಿಂಗದ ಅಭಿಷೇಕದ ನೀರು ಗರ್ಭಗುಡಿಯ ಹೊರಗೆ ಬೀಳುವ ದಾರಿಗೆ ಸೋಮಸೂತ್ರ ಅಂತ ಹೆಸರು. ಅದನ್ನು ದಾಟಬಾರದು. ಅಲ್ಲಿ ತನಕ ಹೋಗಿ, ತಿರುಗಿ, ಬಂದ ದಾರಿಯಲ್ಲೇ ವಾಪಸ್. ಶಿವರಾತ್ರಿಯ ನೂಕುನುಗ್ಗಲಲ್ಲಿ ಅರ್ಧ ಜನ ಹೀಗೆ, ಅರ್ಧ ಜನ ಹಾಗೆ, ನಡುವೆ ಡಿಕ್ಕಿ. ಕೊರಳಲ್ಲಿ ಇಷ್ಟಲಿಂಗ ಇರುವವರಿಗೆ ಈ ತಾಪತ್ರಯವೇ ಇಲ್ಲ. ಅಂಗೈ ಮೇಲೆ ಲಿಂಗ ಇಟ್ಟು ಮನೆಯಲ್ಲೇ ಪೂಜೆ. ದೇವರೇ ಜೊತೆಗಿರುವಾಗ ಸಾಲಲ್ಲಿ ನಿಲ್ಲುವುದೇಕೆ?

ಆದರೂ ಜನ ಹೊರಡುತ್ತಾರೆ. ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡಿ ಆತ್ಮಲಿಂಗವನ್ನು ತಾವೇ ಕೈಯಾರೆ ಮುಟ್ಟಿ ಬರುತ್ತಾರೆ. ಬೆಂಗಳೂರು, ಹಾಸನ, ಚಿಕ್ಕಮಗಳೂರಿನಿಂದ ವಾರಗಟ್ಟಲೆ ನಡೆದು ಘಾಟಿ ಇಳಿದು ಧರ್ಮಸ್ಥಳ ಸೇರುತ್ತಾರೆ. ಮಾದಪ್ಪನ ಬೆಟ್ಟಕ್ಕೆ ಹೋಗುವವರದ್ದು ಇನ್ನೂ ಕಷ್ಟದ ದಾರಿ. ಕನಕಪುರದ ಕಡೆಯಿಂದ ಬರುವವರು ಸಂಗಮದ ಹತ್ತಿರ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿ, 'ಉಘೇ ಮಾದಪ್ಪ' ಅಂತ ಕಾಡು ಹಿಡಿಯುತ್ತಾರೆ. ಅಲ್ಲಿ ಜಾಗರಣೆ ಅಂದರೆ ಕಂಸಾಳೆ ಮತ್ತು ಹಾಡು. ತುಮಕೂರಿನ ಸಿದ್ಧಗಂಗೆಯಲ್ಲಿ ಇದೇ ಸಮಯಕ್ಕೆ ದನಗಳ ಜಾತ್ರೆ. ಮೈಸೂರಿನ ಅರಮನೆ ಆವರಣದ ತ್ರಿನೇಶ್ವರನಿಗೆ ಅವತ್ತು ಚಿನ್ನದ ಕೊಳಗ ಹಾಕುತ್ತಾರೆ, ಶಿವನ ಮುಖದ ಕವಚ ಅದು. 1953ರಲ್ಲಿ ಶ್ರೀಕಂಠದತ್ತ ಒಡೆಯರ್ ಹುಟ್ಟಿದ ಖುಷಿಗೆ ಜಯಚಾಮರಾಜ ಒಡೆಯರ್ ಕೊಟ್ಟದ್ದು ಅಂತ ಹೇಳುತ್ತಾರೆ. ವರ್ಷವಿಡೀ ಖಜಾನೆಯಲ್ಲಿದ್ದು ಪೊಲೀಸ್ ಕಾವಲಲ್ಲಿ ಹಬ್ಬಕ್ಕೆ ಹೊರಗೆ ಬರುತ್ತದೆ.

ಎಲ್ಲೂ ಹೋಗದವರು ಊರಲ್ಲೇ ಎದ್ದಿರುತ್ತಾರೆ. ಭಜನೆ, ಹರಿಕಥೆ, ನಾಟಕ. ಕರಾವಳಿ, ಮಲೆನಾಡಿನ ಕಡೆ ಹುಡುಗರಿಗೆ ಆ ರಾತ್ರಿ ತುಂಟತನಕ್ಕೆ ಅಘೋಷಿತ ಪರವಾನಗಿ. ಯಾರದೋ ತೋಟದ ಎಳನೀರು ಇಳಿಸುವುದು, ಒಬ್ಬರ ಮನೆಯ ಹೂವಿನ ಕುಂಡ ಇನ್ನೊಬ್ಬರ ಅಂಗಳದಲ್ಲಿಡುವುದು, ದಾರಿಗೆ ಅಡ್ಡ ಮರದ ದಿಮ್ಮಿ ಎಳೆದು ಹಾಕುವುದು. ಬೆಳಿಗ್ಗೆ ಬೈಗುಳ, ಮಧ್ಯಾಹ್ನಕ್ಕೆ ನಗು. ದಿಮ್ಮಿ ಮಾತ್ರ ಬೇಡ ಅನ್ನುತ್ತೇನೆ, ಬೈಕಿನವರು ಬೀಳುತ್ತಾರೆ. ಮೂರನೇ ಯಾಮದ ಹೊತ್ತು, ಎರಡು ಗಂಟೆಯಿಂದ ಮೂರೂವರೆ, ಅದು ದಾಟುವುದೇ ಕಷ್ಟ. ಕೂತರೆ ಕಣ್ಣು ಮುಚ್ಚುತ್ತದೆ. ಎದ್ದು ಓಡಾಡಿ, ಯಾಮದ ಪೂಜೆಗೆ ಬಟ್ಟಲು ತೊಳೆದಿಡಿ. ಬಹುಶಃ ಮೂರು ಗಂಟೆಗೊಮ್ಮೆ ಪೂಜೆ ಇಟ್ಟಿರುವುದೇ ಜನ ನಿದ್ದೆ ಹೋಗದಿರಲಿ ಅಂತ.

ಉಳಿದದ್ದು ಪಾರಣೆ. ರಾತ್ರಿಯ ಹಬ್ಬ, ಹಾಗಾಗಿ ಉಪವಾಸ ಮುಗಿಯುವುದು ಮರುದಿನ ಬೆಳಿಗ್ಗೆ, ಸ್ನಾನ, ಪೂಜೆ ಆದ ಮೇಲೆ. ಚತುರ್ದಶಿ ಇರುವಾಗಲೇ ಉಣ್ಣಬೇಕು ಅಂತ ಒಂದು ಪಂಥ, ಅದು ಮುಗಿದ ಮೇಲೆ ಅಂತ ಇನ್ನೊಂದು. ಎರಡಕ್ಕೂ ಗ್ರಂಥಗಳ ಆಧಾರ ತೋರಿಸುತ್ತಾರೆ. ತಿಥಿ ಸಂಜೆಯ ತನಕ ಎಳೆದರೆ ಕಾಯದೆ ಬೆಳಿಗ್ಗೆಯೇ ಮುಗಿಸಿ ಅನ್ನುವುದಕ್ಕೆ ಮಾತ್ರ ಹೆಚ್ಚಿನವರ ಒಪ್ಪಿಗೆ ಇದೆ. ಮೊದಲ ತುತ್ತಿಗೇ ಎಣ್ಣೆ ಪದಾರ್ಥ, ಹೋಳಿಗೆಗೆ ಕೈ ಹಾಕಬೇಡಿ. ಮೆತ್ತಗಿನ ಅನ್ನ, ತಿಳಿಸಾರು, ಒಂದು ಚಮಚ ತುಪ್ಪ.

ನಮ್ಮ ಮನೆ ಮೊದಲನೇ ಪಂಥದ್ದು. 2025ರ ಫೆಬ್ರವರಿ 27, ಗುರುವಾರ. ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ತಿಥಿ ಮುಗಿಯುತ್ತದೆ ಅಂತ ಅಮ್ಮ ಹಿಂದಿನ ದಿನವೇ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದರು. ಐದೂವರೆಗೆ ಕುಕ್ಕರ್ ಕೂಗಿತು. ಚಳಿ ಶಿವ ಶಿವಾ ಅಂತ ಓಡಿಹೋಗುವ ಕಾಲ ಇದು ಅಂತಾರೆ, ಆದರೆ ಸ್ನಾನದ ಮನೆಯ ನೆಲ ಇನ್ನೂ ತಣ್ಣಗೇ ಇತ್ತು. ಎಂಟು ಗಂಟೆಗೆ ಎಲೆ ಹಾಕಿದರು. ನಾನು ಕೂತು, ಕೈ ತೊಳೆದು, ಸಾರಿಗೆ ಕಾಯುತ್ತಾ ಗೋಡೆಗೆ ಒರಗಿದೆ. ಕಣ್ಣು ಬಿಟ್ಟಾಗ ಎಂಟೂ ನಲವತ್ತು. ಅಮ್ಮ ಸೌಟು ಹಿಡಿದು ಎದುರು ನಿಂತಿದ್ದರು. "ರಾತ್ರಿಯೆಲ್ಲ ಎದ್ದಿದ್ದು ಈಗ ಮಲಗ್ತೀಯಲ್ಲೋ, ಬೇಗ ತಿನ್ನು!"